ಕುದುರೆಯಂತೆ ಜಿಗಿಯದ ರಾಜ

ಮಾನವಪ್ರತಿಭೆಯ ಪರವಾಗಿ ನಾನು ಬಾಯಿ ತೆರೆದಾಗಲೆಲ್ಲ ಮಾನವಕುಲದ ಮರ್ಯಾದೆ ಒಂದು ಅಂಗುಲ ಕುಗ್ಗುತ್ತದೆ. ಒಮ್ಮೆಯಾದರೆ ಆಕಸ್ಮಿಕವೆನ್ನಬಹುದಿತ್ತು, ಈ ವರ್ಷ ಮೂರು ಬಾರಿ ಆಯಿತು.

ಮಸ್ಕಿಯ ವೇದಿಕೆ

ಕನ್ನಡ ಎಂ.ಎ. ಮುಗಿಸಿದ ಹುರುಪಿನಲ್ಲಿ ಮಸ್ಕಿಯ ಕಾಲೇಜೊಂದರಲ್ಲಿ ಉಪನ್ಯಾಸ ನೀಡಿದೆ. "ಯಂತ್ರವು ಎಣಿಸಬಲ್ಲದು, ಕಲ್ಪಿಸಲಾರದು. ಆದ್ದರಿಂದಲೇ ಚದುರಂಗದಲ್ಲಿ ಗ್ರ್ಯಾಂಡ್‌ಮಾಸ್ಟರನನ್ನು ಅದು ಎಂದೆಂದಿಗೂ ಮಣಿಸಲಾರದು" ಎಂದು ಮೇಜು ಗುದ್ದಿದೆ.

ಅಲ್ಲಿನ ಗಣಿತದ ಮಾಸ್ತರರು ವಿನಯದಿಂದ ಎದ್ದು ನಿಂತರು.

"ಸರ, ಯಂತ್ರ ವಿಶ್ವ ಚಾಂಪಿಯನ್ನನ್ನ ಸೋಲಿಸಿ ಭಾಳ ವರ್ಷ ಆತ್ರಿ. ಈಗ ಗ್ರ್ಯಾಂಡ್‌ಮಾಸ್ಟರುಗಳು ಅದರ ಕೂಡ ಜಿದ್ದಿಗೆ ಬೀಳಂಗಿಲ್ರಿ, ಅದರ ಮುಂದ ಕುಂತು ಪಾಠ ಕಲೀತಾರ. ಮೊಬೈಲದಾಗಿಂದೂ ಅವರಿಗಿಂತ ಗಟ್ಟಿ ಐತ್ರಿ."

"ಎಂದಿನಿಂದ?"

"ಯಂತ್ರ ಗೆದ್ದಾಗ ನೀವಿನ್ನೂ ಹುಟ್ಟಿದ್ದಿಲ್ರಿ."

ಅಲ್ಲಿಗೆ ಕುಳಿತುಬಿಡಬಹುದಿತ್ತು. ನಾನು ಪ್ರತಿಜ್ಞೆ ಮಾಡಿದೆ: "ಯುಗಾದಿಯೊಳಗೆ ಮೊಬೈಲಿನ ಯಂತ್ರವನ್ನು ಸೋಲಿಸುತ್ತೇನೆ, ಇಲ್ಲವಾದರೆ ಇದೇ ವೇದಿಕೆಯಲ್ಲಿ ನನ್ನ ಮಾತನ್ನು ಹಿಂಪಡೆಯುತ್ತೇನೆ."

ಭಾಷಣಕ್ಕೆ ಬೀಳದ ಚಪ್ಪಾಳೆ ಇದಕ್ಕೆ ಬಿತ್ತು.

ಲಿಂಗಸುಗೂರಿನ ಬಸ್ಸು

ಪಾಠ ಹೇಳಲು ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ ಅಭ್ಯಾಸ ಆರಂಭಿಸಿದೆ. ನಿತ್ಯ ಸೋಲು. ಒಂದು ದಿನ ರಾಜನು ಇಕ್ಕಟ್ಟಿಗೆ ಸಿಕ್ಕಾಗ, ಸೋದರಮಾವ ಕಲಿಸಿದಂತೆ, ಅವನನ್ನು ಕುದುರೆಯ ಹಾಗೆ ಜಿಗಿಸಲು ಹೋದೆ. ಒಮ್ಮೆಯೂ ಚೆಕ್ ತಿನ್ನದ ರಾಜನಿಗೆ ನಮ್ಮ ಓಣಿಯಲ್ಲಿ ಆಟಕ್ಕೊಮ್ಮೆ ಆ ಹಕ್ಕುಂಟು. ಯಂತ್ರ ಒಪ್ಪಲಿಲ್ಲ. ಐದು ಸಲ ಒತ್ತಿದೆ. "ನಿಯಮವೇ ತಿಳಿಯದ ಯಂತ್ರ!" ಎಂದು ಬಸ್ಸಿಗೆಲ್ಲ ಕೇಳುವಂತೆ ಗದರಿದೆ.

ಟಿಕೆಟ್ ಕೊಡುತ್ತಿದ್ದ ಕಂಡಕ್ಟರ್ ಬಗ್ಗಿ ನೋಡಿದ.

"ನಮ್ಮ ಓಣ್ಯಾಗೂ ರಾಜ ಹಂಗ ಜಿಗಿತಾನ್ರಿ ಸರ. ಆದ್ರ ಓಣಿ ದಾಟಿದ ಮ್ಯಾಲೆ ಅವನೂ ನಡಕೋಂತ ಹೋಗ್ಬೇಕ್ರಿ."

ಸಿಂಧನೂರಿನ ವಿಜಯ

ಜಗತ್ತಿನ ಯಂತ್ರಗಳಿಗೆಲ್ಲ ಸವಾಲೆಸೆದವನಿಗೆ ಆಟದ ನಿಯಮವೇ ತಿಳಿದಿರಲಿಲ್ಲ! ಆ ಲಜ್ಜೆಯಿಂದ ನಿಯಮನಿಷ್ಠನಾದೆ. ಪರದೆಯ ಮೂಲೆಯಲ್ಲೊಂದು ಬಲ್ಬಿನ ಚಿತ್ರವಿತ್ತು. ಒತ್ತಿದರೆ ಒಂದು ಕಾಯಿಯೂ ಅದು ಹೋಗಬೇಕಾದ ಮನೆಯೂ ಬೆಳಗುತ್ತಿದ್ದವು. ನಿಯಮಬದ್ಧ ನಡೆಯೆಂದರೆ ಇದೇ ಎಂದು ಭಾವಿಸಿ, ಪ್ರತಿಸಲವೂ ಒತ್ತಿ, ಶ್ರದ್ಧೆಯಿಂದ ಹಾಗೆಯೇ ನಡೆಸಿದೆ. ಒಂದು ಭಾನುವಾರ ಬೆಳಿಗ್ಗೆ ಸಿಂಧನೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಯಂತ್ರ ಸೋತಿತು. ತಕ್ಷಣ ಮಸ್ಕಿಗೆ ಸುದ್ದಿ ಮುಟ್ಟಿಸಿದೆ.

ಮಾಸ್ತರರು ದೊಡ್ಡ ಮನಸ್ಸಿನವರು. ಅದೇ ವೇದಿಕೆಗೆ ಕರೆಸಿ ಶಾಲು ಹೊದಿಸಿ, "ಒಂದಾಟ ಆಡಿ ತೋರಸ್ರಿ ಸರ" ಎಂದರು. ಫೋನನ್ನು ದೊಡ್ಡ ಪರದೆಗೆ ಜೋಡಿಸಿ ಆಡತೊಡಗಿದೆ.

ಮುಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದಳು. "ಸರ, ಆ ಬಲ್ಬ್ ಯಾಕ ಒತ್ತಾಕತ್ತೀರಿ?"

"ನಿಯಮ ಮೀರಬಾರದೆಂದು."

"ಅಯ್ಯ, ಚಲೋ ನಡೆ ಯಾವುದಂತ ಯಂತ್ರಾನ ಹೇಳಿಕೊಡೋದ್ರಿ ಅದು!"

ಮಾಸ್ತರರು ಮೆಲ್ಲಗೆ ಹೇಳಿದರು: "ಅಂದ್ರ ಯಂತ್ರವನ್ನ ಯಂತ್ರಾನ ಸೋಲಿಸೈತಿ. ನೀವು ಬೆರಳಷ್ಟ ಕೊಟ್ಟೀರಿ."

ಕೊಟ್ಟ ಮಾತಿನಂತೆ ಅಲ್ಲೇ ಮೈಕ್ ಹಿಡಿದು ನನ್ನ ಮಾತನ್ನು ಹಿಂಪಡೆದೆ. ಶಾಲನ್ನೂ ಮಡಚಿ ಹಿಂದಿರುಗಿಸಿದೆ. ಮಾಸ್ತರರು ಅದನ್ನು ಬಿಚ್ಚಿ, ಮೇಜಿನ ಮೇಲಿದ್ದ ಫೋನಿಗೆ ಗಂಭೀರವಾಗಿ ಹೊದಿಸಿದರು.

"ಗೆದ್ದವರಿಗೆ ಮುಟ್ಟಬೇಕ್ರಿ."

ಸಭೆಯೆಲ್ಲ ಎದ್ದು ಚಪ್ಪಾಳೆ ತಟ್ಟಿತು. ಫೋನು ನನ್ನದಾದ್ದರಿಂದ, ಅದರ ಶಾಲನ್ನು ಹೊತ್ತು ಊರಿಗೆ ತಂದವನು ಮಾತ್ರ ನಾನೇ.