ಗೋಡೆಯೊಳಗೆ ಮಾಯವಾದ ಬಾಗಿಲು

“ಈ ಸಲ ನೋಡಿದವರು ಒಬ್ಬರಾದರೂ ‘ಇದು ಮನೇಲೇ ಮಾಡಿದ್ದಾ?’ ಅಂತ ಕೇಳಲಿ, ಆಮೇಲೆ ನಾನು ಕತ್ತರಿ ಮುಟ್ಟಿದರೆ ಕೇಳಿ!”

ಶನಿವಾರ ಬೆಳಿಗ್ಗೆ ಅವಳು ಈ ಮಹಾಪ್ರತಿಜ್ಞೆ ಮಾಡಿದಾಗ ಗಂಡ ಹಲ್ಲುಜ್ಜುತ್ತಿದ್ದ. ಬಾಯಿತುಂಬ ನೊರೆಯಿದ್ದ ಕಾರಣ ಅವನ ಅಭಿಪ್ರಾಯ ಇತಿಹಾಸದಲ್ಲಿ ದಾಖಲಾಗಲಿಲ್ಲ. ಇದೆಲ್ಲ ಹದಿನೈದು ವರ್ಷದ ಹಿಂದಿನ ಮಾತು. ಆದರೂ ಆ ಮನೆಯಲ್ಲಿ ನಾಲ್ಕು ಜನ ಸೇರಿದರೆ ಇವತ್ತಿಗೂ ಯಾರಾದರೊಬ್ಬರು “ಆ ಬಾಗಿಲಿನ ಕತೆ ಹೇಳು” ಎನ್ನುತ್ತಾರೆ. ಅವಳು “ಥೂ, ಬಿಡಿ” ಎನ್ನುತ್ತಲೇ ತಾನೇ ಮೊದಲು ಶುರು ಮಾಡುತ್ತಾಳೆ.

ಬೀದಿಗೆಲ್ಲ ಅವಳು ಕತ್ತರಿಯಕ್ಕ. ಹಳೆಯ ಅಂಗಿ ಕೈಗೆ ಸಿಕ್ಕರೆ ದಿಂಬಿನ ಚೀಲವಾಗುತ್ತಿತ್ತು, ದಿಂಬಿನ ಚೀಲ ಸಿಕ್ಕರೆ ಗೊಂಬೆ, ಗೊಂಬೆ ಹಳತಾದರೆ ಬಾಗಿಲ ಬಳಿಯ ಕಾಲೊರಸು. ಗಂಡ ಸ್ನಾನಕ್ಕೆ ಹೋಗುವಾಗ ಅಂಗಿ ಬಿಚ್ಚಿಟ್ಟು, “ಇದು ನನಗಿನ್ನೂ ಬೇಕು!” ಎಂದು ಕೂಗಿ ಹೇಳಿ ಹೋಗುತ್ತಿದ್ದ ಕಾಲ ಅದು. ಒಮ್ಮೆ ಅವಳು ಕುರ್ಚಿಗೆ ಬಿಡಿಸಿದ್ದ ಎಲೆಬಳ್ಳಿಯನ್ನು ಊಟಕ್ಕೆ ಬಂದ ದೊಡ್ಡಪ್ಪ ತಮ್ಮ ಪ್ಯಾಂಟಿನ ಹಿಂಭಾಗದಲ್ಲಿ ಹೊತ್ತುಕೊಂಡು ಹೋದರು. ಬಣ್ಣ ಒಣಗುವ ಮುಂಚೆ ಕೂತದ್ದು ಅವರದೇ ತಪ್ಪು ಎಂದು ಅವಳು ಈಗಲೂ ವಾದಿಸುತ್ತಾಳೆ.

ಇಷ್ಟೆಲ್ಲ ವೈಭವಕ್ಕೆ ಮೊದಲ ಅಭಿಮಾನಿ ಮಗಳು ಪುಟ್ಟಿ. ಅಮ್ಮ ಹೊಲಿದ ಚೀಲ, ಅಮ್ಮ ಅಂಟಿಸಿದ ಪೆನ್ಸಿಲ್ ಡಬ್ಬ, ಅಮ್ಮ ಗುಂಡಿ ಪೋಣಿಸಿ ಮಾಡಿದ ಸರ, ಎಲ್ಲವನ್ನೂ ಹೊತ್ತು ಮೆರೆದವಳು. ಆದರೆ ಹನ್ನೆರಡು ತುಂಬಿದ ವರ್ಷ, ಶಾಲೆಯ ಮೂರು ದಿನದ ಪ್ರವಾಸಕ್ಕೆ ಹೊರಡುವ ಮುನ್ನ ಪುಟ್ಟಿ ನೆಲ ನೋಡುತ್ತ ಕೇಳಿದಳು: “ಅಮ್ಮ, ಈ ಸಲ ಬ್ಯಾಗು ಅಂಗಡಿಯಿಂದ ತರೋಣ್ವಾ?”

“ಯಾಕೆ? ನಾನು ಹೊಲಿದದ್ದು ಏನಾಯ್ತು?”

“ಏನಿಲ್ಲ. ಎಲ್ಲರದೂ ಅಂಗಡೀದು, ಅದಕ್ಕೆ.”

ಬ್ಯಾಗು ತಂದದ್ದಾಯಿತು, ಪುಟ್ಟಿ ಬಸ್ಸು ಹತ್ತಿ ಹೋದದ್ದೂ ಆಯಿತು. ಅಮ್ಮನಿಗೆ ಮಾತ್ರ ಆ ಮಾತು ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತು. ಮಗಳಿಗೆ ತನ್ನ ಕೈಕೆಲಸದ ಬಗ್ಗೆ ನಾಚಿಕೆಯಾಗತೊಡಗಿದೆ ಎಂದು ಅವಳಿಗೆ ಖಾತ್ರಿಯಾಗಿ ಹೋಯಿತು. ಒಂದು ದಿನ ಮುಖ ಊದಿಸಿಕೊಂಡು ಓಡಾಡಿದಳು. ಎರಡನೆಯ ದಿನ ಪರಿಹಾರ ಹೊಳೆಯಿತು. ಪುಟ್ಟಿ ಶನಿವಾರ ಸಂಜೆ ನಾಲ್ಕಕ್ಕೆ ವಾಪಸು ಬರುವುದರೊಳಗೆ ಅವಳ ಕೋಣೆ ಥೇಟ್ ಅಂಗಡಿಯಿಂದ ಇಳಿಸಿದಂತಾಗಬೇಕು! ಅಂದೇ ನೀಲಿ ಹಿನ್ನೆಲೆಯ ಮೇಲೆ ಬಿಳಿ ಹೂವಿನ ವಾಲ್‌ಪೇಪರು ಹನ್ನೆರಡು ಸುರುಳಿ ಬಂದಿಳಿಯಿತು. ಶನಿವಾರ ಬೆಳಿಗ್ಗೆ ಪ್ರತಿಜ್ಞೆ ಮುಗಿದ ಮೇಲೆ ಗಂಡ ನೊರೆ ಉಗುಳಿ, “ಆಳು ಕರೆಸೋಣ್ವಾ?” ಎಂದ.

“ಆಳು ಮಾಡಿದರೆ ಆಳಿನ ಥರ ಇರುತ್ತೆ. ನಾನು ಮಾಡಿದರೆ ಅಂಗಡಿ ಥರ ಇರುತ್ತೆ.”

ಗಂಡ ಬೀದಿ ಕೊನೆಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದವನು. ನಿಧಾನಸ್ಥ. ಈ ತರ್ಕವನ್ನು ಬಿಚ್ಚಿ ನೋಡಲು ಅವನಿಗೆ ಮಧ್ಯಾಹ್ನದವರೆಗಾದರೂ ಸಮಯ ಬೇಕಿತ್ತು. ಸುಮ್ಮನೆ ಅಂಗಡಿಗೆ ಹೋದ.

ಕೆಲಸ ಅಮೋಘವಾಗಿ ಸಾಗಿತು. ಮೂರು ಗೋಡೆ ಮುಗಿದವು. ನಾಲ್ಕನೆಯದರಲ್ಲಿ ಬಾಗಿಲಿತ್ತು. ಹೂವಿನ ಸಾಲು ಬಾಗಿಲ ತನಕ ಬಂದು ನಿಂತು, ಆಚೆ ಕಡೆಯಿಂದ ಮತ್ತೆ ಶುರುವಾಗುವುದು ಅವಳ ಕಲಾಹೃದಯಕ್ಕೆ ಸಹಿಸಲಾಗಲಿಲ್ಲ. ಬಾಗಿಲು ಮುಚ್ಚಿ, ಅದರ ಮೇಲೂ ಒಂದೇ ಸಮನೆ ಅಂಟಿಸಿದರೆ? ಒಣಗಿದ ಮೇಲೆ ಅಂಚಿನಲ್ಲಿ ಬ್ಲೇಡು ಎಳೆದರಾಯಿತು! ಅಡ್ಡ ಬಂದದ್ದು ಬಾಗಿಲ ಹಿಡಿ. ತಿರುಪು ಬಿಚ್ಚಿ ಈ ಕಡೆಯ ಹಿಡಿಯನ್ನೂ ಅದರ ಕಬ್ಬಿಣದ ಕಡ್ಡಿಯನ್ನೂ ಎಳೆದಳು. ಆ ಕಡೆಯ ಹಿಡಿ ಹೊರಗೆ ಟಣ್ಣೆಂದು ಬಿತ್ತು. ಬೀಳಲಿ ಬಿಡು, ಆಮೇಲೆ ಎತ್ತಿಕೊಂಡರಾಯಿತು ಎಂದುಕೊಂಡಳು. ಹಿಡಿ ಇದ್ದ ತೂತಿನ ಮೇಲೆ ಕಾಗದ ಗುಳಿ ಬೀಳಬಾರದಲ್ಲ? ಹತ್ತಿ ತುರುಕಿ, ಮೇಲೆ ಮೇಣದಬತ್ತಿ ಕರಗಿಸಿ ಸುರಿದು, ಕತ್ತರಿಯ ಬೆನ್ನಿನಿಂದ ಸಮ ಮಾಡಿದಳು. ಅದರ ಮೇಲೆ ಕಾಗದ. ಅಂಟು ಒಣಗುವಷ್ಟು ಹೊತ್ತು ಮಂಚದ ಮೇಲೆ ಕೂತು ಬೆವರು ಒರೆಸಿಕೊಂಡಳು.

ಆಮೇಲೆ ಎದ್ದು ನೋಡಿದರೆ ಎಂಥ ಕೆಲಸ! ಒಂದು ಸುಕ್ಕಿಲ್ಲ, ಒಂದು ಗುಳ್ಳೆಯಿಲ್ಲ. ನಾಲ್ಕು ಕಡೆಯೂ ಹೂವೇ ಹೂವು. ಬಾಗಿಲಿತ್ತೆಂದು ಆಣೆ ಮಾಡಿ ಹೇಳಿದರೂ ನಂಬುವಂತಿಲ್ಲ! ಸಂಭ್ರಮದಿಂದ ಗಂಡನಿಗೆ ಫೋನು ಮಾಡಲು ಹೊರಟವಳಿಗೆ ಫೋನು ಅಡಿಗೆಮನೆಯಲ್ಲಿರುವುದು ನೆನಪಾಯಿತು. ಅಡಿಗೆಮನೆಗೆ ಹೋಗಲು ಬಾಗಿಲು ಬೇಕೆಂಬುದು ಅದರ ಹಿಂದೆಯೇ ನೆನಪಾಯಿತು. ಬಾಗಿಲು ತೆಗೆಯಲು ಹಿಡಿ ಬೇಕೆಂಬುದು ಕಟ್ಟಕಡೆಗೆ ನೆನಪಾಗಿ, ಅವಳು ಮಂಚದ ಮೇಲೆ ಕುಕ್ಕರಿಸಿದಳು. ಕಿಟಕಿಗೆ ಸರಳು. ಬ್ಲೇಡೂ ಅಡಿಗೆಮನೆಯಲ್ಲೇ!

ಕೂತ ಕಡೆಯಿಂದ ಎದುರಿಗೆ ಕಾಣುತ್ತಿದ್ದದ್ದು ಮಂಚದ ಪಕ್ಕದ ಗೋಡೆ. ಬೆಳಿಗ್ಗೆ ಅಲ್ಲಿಗೆ ಮಾತ್ರ ಅವಳು ಮುಖ ತಿರುಗಿಸಿಕೊಂಡು ಕಾಗದ ಅಂಟಿಸಿದ್ದಳು. ಪುಟ್ಟಿಗೆ ನಾಲ್ಕು ವರ್ಷವಿದ್ದಾಗ ಹನ್ನೊಂದು ದಿನ ಜ್ವರ ಬಿಟ್ಟಿರಲಿಲ್ಲ. ಔಷಧಿ ಕಂಡರೆ ಕಿರುಚುತ್ತಿದ್ದ ಮಗುವಿಗೆಂದು ಅವಳು ಆ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ರೈಲು ಬಿಡಿಸಿದ್ದಳು. ದಿನಕ್ಕೊಂದು ಬೋಗಿ. ಔಷಧಿ ಕುಡಿದರೆ ಬೋಗಿಗೆ ಬಣ್ಣ ಹಚ್ಚಬಹುದು. ಹನ್ನೊಂದು ಬೋಗಿಗೆ ಜ್ವರ ಇಳಿಯಿತು, ರೈಲು ಮಾತ್ರ ನಿಲ್ಲಲಿಲ್ಲ. ಮೊದಲ ಹಲ್ಲು ಬಿದ್ದದ್ದಕ್ಕೊಂದು ಬೋಗಿ, ಸೈಕಲ್ ಕಲಿತದ್ದಕ್ಕೊಂದು, ಗೆಳತಿಯ ಜೊತೆ ಠೂ ಬಿಟ್ಟದ್ದಕ್ಕೊಂದು, ರಾಜಿಯಾದದ್ದಕ್ಕೆ ಕಿಟಕಿಯಿರುವ ದೊಡ್ಡದೊಂದು. ಮೂವತ್ನಾಲ್ಕು ಬೋಗಿ. ಅಂಗಡಿಯ ಬ್ಯಾಗು ಕೇಳುವ ಹುಡುಗಿಗೆ ಇನ್ನು ಪೆನ್ಸಿಲಿನ ರೈಲು ಯಾಕೆ ಎಂದು ಬೆಳಿಗ್ಗೆ ರೋಷದಲ್ಲಿ ಮುಚ್ಚಿಬಿಟ್ಟಿದ್ದಳು. ಈಗ ಕಾಗದದ ಮೇಲೆ ಬೆರಳಿಟ್ಟು ಒಂದೊಂದೇ ಬೋಗಿಯ ಜಾಗ ನೆನಪು ಮಾಡಿಕೊಂಡಳು. ಇಪ್ಪತ್ತರ ತನಕ ಸರಿಯಾಗಿ ಬಂತು. ಆಮೇಲೆ ಕಣ್ಣು ಮಂಜಾಯಿತು. ಆ ಜ್ವರದ ದಿನಗಳೂ ಈಗ ಅವಳಿಗೆ ಬೇಕೆನಿಸಿದವು.

ಎರಡೂವರೆಗೆ ಗಂಡ ಊಟಕ್ಕೆ ಬಂದ. ಪಾತ್ರೆಯ ಸದ್ದು ಕೇಳಿ ಅವಳು ದಡದಡನೆ ಗೋಡೆ ಬಡಿದಳು.

“ಪಕ್ಕದ ಮನೆಯವರೇ,” ಗಂಡನ ದನಿ ಬಂತು, “ಊಟದ ಹೊತ್ತು. ಮೊಳೆ ಹೊಡೆಯೋದು ಸ್ವಲ್ಪ ಆಮೇಲೆ ಇಟ್ಟುಕೊಳ್ಳಿ!”

“ರೀ! ನಾನ್ರೀ!”

“ಎಲ್ಲಿದ್ದೀಯೇ?”

“ಪುಟ್ಟಿ ರೂಮಲ್ಲಿ!”

“ಸರಿ, ಊಟಕ್ಕೆ ಬಾ.”

“ಬರೋ ಹಾಗಿದ್ದರೆ ಬರ್ತಿರಲಿಲ್ವಾ? ಬಾಗಿಲು ಇಲ್ಲ!”

ಗಂಡ ಬಾಗಿಲ ಮುಂದೆ ಬಂದು ನಿಂತದ್ದು ತಿಳಿಯಿತು. “ಈ ಕಡೆ ಇದೆಯಲ್ಲ,” ಎಂದ.

ವಿಷಯವೆಲ್ಲ ಹೇಳಿದ ಮೇಲೆ ಅವನು ತನ್ನ ಉಪಕರಣದ ಪೆಟ್ಟಿಗೆ ತಂದ. ಕೈಗಡಿಯಾರದ ಹೊಟ್ಟೆ ಬಗೆಯುವ ಸ್ಕ್ರೂಡ್ರೈವರುಗಳು. ಅತಿ ದೊಡ್ಡದು ಬೆಂಕಿಕಡ್ಡಿಗಿಂತ ತುಸು ಉದ್ದ! ತೂತಿನೊಳಗೆ ತೂರಿಸಿದರೆ ಅರ್ಧ ದಾರಿಗೇ ಮುಗಿಯುತ್ತಿತ್ತು. ಒಳಗೆ ಅವಳು ಕತ್ತರಿಯ ಮೊನೆಯಿಂದ ತೂತು ಹುಡುಕುತ್ತಿದ್ದಳು. ಅಷ್ಟು ಚೆನ್ನಾಗಿ ಸಮ ಮಾಡಿದ ತೂತು ಸಿಗುವುದುಂಟೇ? ಮೂರು ಹೂವುಗಳ ಹೊಟ್ಟೆ ತೂತಾಯಿತು, ಹಿಡಿಯ ತೂತು ಮಾತ್ರ ಸಿಗಲಿಲ್ಲ.

“ಬಾಗಿಲು ಒಡೀಲಾ?”

“ಕಾಗದ ಹರಿದರೆ ನೋಡಿ ಮತ್ತೆ! ನನ್ನ ಹೆಣಿಗೆ ಕಡ್ಡಿ ತಂದು ಆ ಕಡೆಯಿಂದ ಚುಚ್ಚಿ. ಬಿಸ್ಕತ್ತಿನ ಡಬ್ಬದಲ್ಲಿದೆ.”

ಅವನು ಹೋದ. ಡಬ್ಬಗಳ ಮುಚ್ಚಳ ತೆರೆಯುವ ಸದ್ದು ಐದು ಸಲ ಕೇಳಿತು. “ಗುಂಡಿ, ನೂಲು, ಮಣಿ, ಮತ್ತೆ ಗುಂಡಿ... ಏನೇ, ಈ ಮನೇಲಿ ಬಿಸ್ಕತ್ತು ಎಲ್ಲಿಡ್ತೀಯ?”

“ನೂಲಿನ ಪೆಟ್ಟಿಗೇಲಿ! ಬೇಗ ರೀ, ಮೂರೂಮುಕ್ಕಾಲು ಆಯ್ತು!”

ಕೊನೆಗೂ ಕಡ್ಡಿ ಹೂವೊಂದರ ನಡುವಿನಿಂದ ಮೂಗು ತೋರಿಸಿತು. ಅವಳು ಮೇಣ ಕೆರೆದು, ಹತ್ತಿ ಕಿತ್ತು, ಕಬ್ಬಿಣದ ಕಡ್ಡಿ ತೂರಿಸಿದಳು. ಅವನು ಆ ಕಡೆ ಹಿಡಿ ಸಿಕ್ಕಿಸಿದ.

“ತಿರುಗಿಸಿ, ಆದರೆ ತಳ್ಳಬೇಡಿ! ಮೊದಲು ನಾನು ಅಂಚು ಕತ್ತರಿಸ್ತೀನಿ. ತಳ್ಳಬೇಡಿ ಅಂದೆ!”

“ತಳ್ಳಲಾ? ಸರಿ!”

ಪರ್‌ರ್‌ರ್! ಮೇಲಿನ ಚೌಕಟ್ಟಿನಿಂದ ನೆಲದ ತನಕ ಕಾಗದ ಸೀಳಿತು. ಬಾಗಿಲು ತೆರೆದುಕೊಂಡಿತು. ಅದರಾಚೆ ಗಂಡ ಹೆಣಿಗೆ ಕಡ್ಡಿ ಹಿಡಿದು, ಕೋಟೆ ಗೆದ್ದ ಸೇನಾಪತಿಯ ಗತ್ತಿನಲ್ಲಿ ನಿಂತಿದ್ದ. ಅವಳು ಬಾಯಿ ತೆರೆಯುವಷ್ಟರಲ್ಲಿ ಗೇಟಿನ ಸದ್ದಾಯಿತು.

“ಪುಟ್ಟಿ ಬಂದಳು! ರೀ, ಅಂಗಡಿಯವರು ಬಂದು ಮಾಡಿ ಹೋದರು ಅಂತ ಹೇಳಿ. ನಾನು ಮಾಡಿದ್ದು ಅಂತ ಬಾಯಿ ಬಿಟ್ಟೀರಿ!”

ಪುಟ್ಟಿ ಹೊಸ ಬ್ಯಾಗು ಎಳೆದುಕೊಂಡು ಒಳಗೆ ಬಂದಳು. ಕೋಣೆಯ ನಡುವೆ ನಿಂತು ಸುತ್ತ ನೋಡಿದಳು.

“ಯಾರು ಮಾಡಿದ್ದು?”

“ಅಂಗಡಿಯವರು,” ಎಂದಳು ಅವಳು, ಬೆನ್ನಿನಿಂದ ಸೀಳು ಮುಚ್ಚಿಕೊಂಡು. “ಹೇಗಿದೆ?”

ಪುಟ್ಟಿ ಬ್ಯಾಗು ಕೆಳಗಿಟ್ಟಳು. ಸೀದಾ ಮಂಚ ಹತ್ತಿ ಗೋಡೆಯ ಮೇಲೆ ಕೈಯಾಡಿಸಿದಳು. “ರೈಲು ಎಲ್ಲಿ?”

“ಅದು... ಕೆಳಗಿದೆ.”

“ಯಾರು ಮುಚ್ಚೋಕೆ ಹೇಳಿದ್ದು ಅವರಿಗೆ? ಅಷ್ಟೂ ಗೊತ್ತಾಗಲ್ವಾ? ನೀನು ಮನೇಲಿರಲಿಲ್ವಾ ಅಮ್ಮ?”

“ಇದ್ದಳು,” ಎಂದ ಗಂಡ ಗಂಭೀರವಾಗಿ. “ಪೂರ್ತಿ ಒಳಗೇ ಇದ್ದಳು.”

“ನನ್ನ ಬ್ಯಾಗು ಹಳೇದಾಗಿ ಹೊಲಿಗೆ ಬಿಟ್ಟಿತ್ತು. ಹೇಳಿದರೆ ನಿಂಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ. ಅಷ್ಟಕ್ಕೆ ನನ್ನ ಗೋಡೇನ ಯಾರೋ ಅಂಗಡಿಯವರ ಕೈಗೆ ಕೊಡೋದಾ?” ಪುಟ್ಟಿಯ ಮೂಗು ಕೆಂಪಾಗಿತ್ತು. “ಅಪ್ಪ, ಅವರ ನಂಬರು ಇದೆಯಾ? ನಾನೇ ಮಾತಾಡ್ತೀನಿ.”

ಅವಳು ಗಂಡನಿಗೆ ಕಣ್ಣಿನಲ್ಲೇ ಬೇಡ ಬೇಡ ಎಂದಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅಂಗಿಗಳನ್ನು ಕಳೆದುಕೊಂಡ ಮನುಷ್ಯ ಅವನು. ಇಂಥ ಅವಕಾಶ ಬಿಡುತ್ತಾನೆಯೇ? ತನ್ನ ಫೋನಿನಲ್ಲಿ ತಾನೇ ನಂಬರು ಒತ್ತಿ ಮಗಳ ಕೈಗೆ ಕೊಟ್ಟ.

ಅಡಿಗೆಮನೆಯಲ್ಲಿ ಅವಳ ಫೋನು ಹೊಡೆದುಕೊಳ್ಳತೊಡಗಿತು.

ಪುಟ್ಟಿ ಆ ಕಡೆ ನೋಡಿದಳು. ಆಮೇಲೆ ಅಮ್ಮನ ಕಡೆ ನೋಡಿದಳು. ಅಮ್ಮನ ಕೂದಲಲ್ಲಿ ಅಂಟು, ಮೊಣಕೈಯಲ್ಲಿ ಮೇಣ, ಕಿವಿಯ ಹಿಂದೆ ಒಂದು ಬಿಳಿ ಹೂವು. ಫೋನು ಕೆಳಗಿಡಲಿಲ್ಲ ಆ ಹುಡುಗಿ. ಅಮ್ಮ ವಿಧಿಯಿಲ್ಲದೆ ಅಡಿಗೆಮನೆಗೆ ನಡೆದು ಫೋನು ಎತ್ತಿದಳು.

“ಹಲೋ, ವಾಲ್‌ಪೇಪರ್ ಅಂಗಡಿಯವರಾ?” ದನಿ ಕಿವಿಯಲ್ಲೂ ಕೇಳಿತು, ಕೋಣೆಯಿಂದಲೂ ಕೇಳಿತು.

“ಹೌದು... ಹೇಳಿ ಮೇಡಂ.”

“ಕೆಲಸ ತುಂಬಾ ಚೆನ್ನಾಗಿದೆ. ಥೇಟ್ ಅಂಗಡೀದೇ.”

“ಥ್ಯಾಂಕ್ಸ್ ಮೇಡಂ.”

“ಮೂರು ಗೋಡೆ ಇರಲಿ. ಮಂಚದ ಪಕ್ಕದ್ದು ಈಗಲೇ ಬಂದು ಕೀಳಬೇಕು. ರೈಲಿಗೆ ಒಂದು ಗೀರೂ ಬೀಳಬಾರದು.”

ಹಿಂದಿನಿಂದ ಗಂಡನ ದನಿ ಕೇಳಿಸಿತು: “ಬಾಗಿಲು ತೆಗೆದಿಟ್ಟು ಕೆಲಸ ಮಾಡಬೇಕು ಅಂತಾನೂ ಹೇಳು!”

“ಕೇಳಿಸಿತು ಮೇಡಂ,” ಎಂದಳು ಅವಳು. ನಗು, ಅಳು ಒಟ್ಟಿಗೆ ಬಂದು ಅಂಗಡಿಯವಳ ಗತ್ತು ಪೂರ್ತಿ ಕೆಟ್ಟುಹೋಗಿತ್ತು. “ಬೇರೆ ಏನಾದರೂ ದೂರು?”

ಒಂದು ಕ್ಷಣ ಫೋನಿನಲ್ಲಿ ಮೂಗು ಎಳೆದುಕೊಂಡ ಸದ್ದು.

“ಬರುವಾಗ ಪೆನ್ಸಿಲ್ ತನ್ನಿ. ಟೂರಿನ ಬೋಗಿ ಇನ್ನೂ ಬಿಡಿಸಿಲ್ಲ.”