ಬರಲಿದ್ದ ಕಾದಂಬರಿ, ಹೋದ ಮಾನ

ಪುಸ್ತಕ ಬರೆದವರ ಮರ್ಯಾದೆ ಹೋಗುವುದು ಪುಸ್ತಕ ಹೊರಗೆ ಬಂದ ಮೇಲೆ ಎಂದು ತಿಳಿದಿದ್ದೆ. ನನ್ನದು ಪುಸ್ತಕ ಬರುವ ಮೊದಲೇ ಕಂತು ಕಂತಾಗಿ ಹೋಗಲು ಶುರುವಾಗಿ, ಇನ್ನೂ ಹೋಗುತ್ತಲೇ ಇದೆ. ಇಷ್ಟು ಹೋದ ಮೇಲೂ ಇನ್ನೂ ಹೋಗಲು ಉಳಿದಿದೆಯಲ್ಲ ಎಂದು ನನಗೇ ಆಶ್ಚರ್ಯ.

ನಾನು ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರು. ಕೊಟ್ಟ ಮನೆ ಕಣಕಟ್ಟೆ ಕಡೆ. ತೆಂಗಿನ ತೋಟ, ರಾಗಿ ಹೊಲ, ಅತ್ತೆ, ಮಾವ ಎಲ್ಲ ಇರುವ ಮನೆ. ಹೊಯ್ಸಳರ ಕಾಲದ ಒಬ್ಬ ಶಿಲ್ಪಿಯ ಹೆಂಡತಿಯ ಮೇಲೆ ಕಾದಂಬರಿ ಬರೆಯುತ್ತೇನೆ ಎಂದಾಗ ಮನೆಯಲ್ಲಿ ನಗದಿದ್ದವರು ಮಾವ ಒಬ್ಬರೇ. ಟಿವಿಎಸ್ ಮೇಲೆ ಕೂರಿಸಿಕೊಂಡು ಹಳೇಬೀಡಿಗೆ ಕರೆದುಕೊಂಡು ಹೋಗುತ್ತಿದ್ದರು. ನಾನು ಶಾಸನ ನೋಡುವಷ್ಟು ಹೊತ್ತು ಬುತ್ತಿ ಹಿಡಿದುಕೊಂಡು ಮರದ ಕೆಳಗೆ ಕೂತಿರುತ್ತಿದ್ದರು.

ಬಂತಾ?

ಪ್ರಕಾಶಕರು ವರ್ಷದ ಆರಂಭದಲ್ಲಿ ಫೇಸ್‌ಬುಕ್ಕಿನಲ್ಲಿ ಒಂದು ಪಟ್ಟಿ ಹಾಕಿದರು: 'ಈ ವರ್ಷ ನೀವು ಎದುರು ನೋಡಬೇಕಾದ ಐತಿಹಾಸಿಕ ಮತ್ತು ಫ್ಯಾಂಟಸಿ ಕಾದಂಬರಿಗಳು'. ಹಾವಾಗಿ ಬದಲಾಗುವ ರಾಣಿಯೊಬ್ಬಳು, ನೆರಳುಗಳನ್ನು ಮಾರುವ ಪೇಟೆಯೊಂದು, ಪಾಳೇಗಾರರ ಮನೆಯ ಸೇಡಿನ ಕಥೆ, ಗುಡಿಯ ಕಂಬದ ಸಿಂಹದಂಥ, ಆದರೆ ರೆಕ್ಕೆ ಇರುವ ಯಾಳಿಗಳು, ಎಲ್ಲದರ ಕೆಳಗೆ ನನ್ನದು. ತಡೆಯಲಾಗಲಿಲ್ಲ. ಸ್ಟಾಫ್ ಗ್ರೂಪಿಗೆ ಕಳಿಸಿದೆ, ನೆಂಟರ ಗ್ರೂಪಿಗೆ ಕಳಿಸಿದೆ, ಹಾಲಿನ ಡೈರಿಯವರ ಗ್ರೂಪಿಗೂ ಕಳಿಸಿದೆ.

ಯುಗಾದಿಗೆ ಬರುತ್ತೆ ಎಂದರು, ಬರಲಿಲ್ಲ. ಮಳೆಗಾಲ ಕಳೆಯಲಿ ಎಂದರು. ಆಮೇಲೆ ಕಾಗದದ ಬೆಲೆ ಇಳಿಯಲಿ ಎಂದರು. ಮುಂದಿನ ವರ್ಷದ 'ಎದುರು ನೋಡಬೇಕಾದ' ಪಟ್ಟಿ ಬಂತು. ಬೇರೆಲ್ಲ ಪುಸ್ತಕಗಳು ಬದಲಾಗಿದ್ದವು, ಯಾಳಿ ಮತ್ತು ನಾನು ಮಾತ್ರ ಅಲ್ಲೇ ಇದ್ದೆವು. ಹಾಜರಿ ಹಾಕುವಾಗ ದಿನವೂ ಯಾರಾದರೊಬ್ಬರು "ಮೇಡಂ, ಬಂತಾ?" ಎನ್ನುತ್ತಿದ್ದರು. ನಾನು ಸ್ಟಾಫ್ ರೂಮಿಗೆ ಹಿಂದಿನ ಬಾಗಿಲಿನಿಂದ ಹೋಗುವುದನ್ನು ಕಲಿತೆ.

ಅಲ್ಲಿ ನಮ್ಮ ಶಾಲೆಯ ಆಯಮ್ಮ ಸಿಕ್ಕರು. "ಮೇಡಂ, ನಿಮ್ಮ ಪುಸ್ತಕದ ಸುದ್ದಿ ಹೇಳ್ದಾಗ ನನ್ನ ಮಗಳಿಗೆ ಗಂಡು ನೋಡ್ತಿದ್ವಿ. ನೆನ್ನೆ ಬಾಣಂತನಕ್ಕೆ ಬಂದವ್ಳೆ."

ಹಿಂದುಗಡೆನಾದ್ರೂ ಹಾಕ್ಸಿ

ಶಾಲೆಯಲ್ಲಿ ನಾನು ಬಚ್ಚಿಟ್ಟುಕೊಂಡರೆ, ಊರಿನಲ್ಲಿ ಮಾವ ಎದೆಯುಬ್ಬಿಸಿ ಓಡಾಡುತ್ತಿದ್ದರು. ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಹೇಳುತ್ತಿದ್ದರಂತೆ, "ನಮ್ಮ ಸೊಸೆ ಹಳೇ ಕಾಲದ್ದು ಬರ್ದವ್ಳೆ. ಕಲ್ಲು ಓದಿ ಬರ್ದಿರೋದು. ಒಂದಕ್ಷರ ಸುಳ್ಳಿಲ್ಲ." ಈ ಮಾತು ಕೇಳಿದಾಗ ಖುಷಿಯೂ ಆಯಿತು, ಹೆದರಿಕೆಯೂ ಆಯಿತು. ಮಾವ ಊರಲ್ಲಿ ಕೊಟ್ಟ ಮಾತು ತಪ್ಪಿದವರಲ್ಲ. ನಾನು ಎಲ್ಲಾದರೂ ಎಡವಿದರೆ ಮಾತು ಹೋಗುವುದು ಅವರದು.

ಒಂದು ಭಾನುವಾರ ಪಕ್ಕದ ತೋಟದ ಯಜಮಾನರು ಬಂದು ಜಗಲಿ ಮೇಲೆ ಕೂತರು. ರಾಗಿ ಒಕ್ಕಣೆ ಬಗ್ಗೆ ನಾನು ಅವರನ್ನು ಒಂದೆರಡು ಮಾತು ಕೇಳಿ ಬರೆದುಕೊಂಡಿದ್ದೆ. ಜೇಬಿನಿಂದ ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆದು ಕೊಟ್ಟರು.

"ಇದ್ಯಾಕಣ್ಣ?" ಎಂದೆ.

"ಪುಸ್ತಕಕ್ಕೆ ಕಣಮ್ಮ. ನನ್ನ ಮಾತೂ ಐತಲ್ಲ ಅದ್ರಾಗೆ."

"ಅಣ್ಣ, ಅದು ಹೊಯ್ಸಳರ ಕಾಲದ ಕಥೆ. ಆಗ ಫೋಟೋ ಇರಲಿಲ್ಲ."

ಅವರು ಫೋಟೋ ತಿರುಗಿಸಿ ನೋಡಿ, "ಹಂಗಾದ್ರೆ ಹಿಂದುಗಡೆನಾದ್ರೂ ಹಾಕ್ಸಿ" ಎಂದರು. ಬೇಡ ಎನ್ನಲು ಬಾಯಿ ಬರಲಿಲ್ಲ. ಸಂಜೆಯೊಳಗೆ ಇಡೀ ಬೀದಿಯ ಫೋಟೋಗಳು ನಮ್ಮ ಮನೆಗೆ ಬಂದವು, ಅದರಲ್ಲಿ ಒಂದು ಹಸುವಿನದು.

ಜ್ವರ

ಪ್ರಕಾಶಕರು, "ಹಿಂಬದಿಗೆ ನಿಮ್ಮ ಚಿತ್ರ ಬೇಕು, ಹಳೇಬೀಡಿನಲ್ಲೇ ತೆಗೆಸಿ, ಸ್ವಲ್ಪ ಕಳೆ ಇರಲಿ" ಎಂದರು. ರಜಾ ದಿನ ಹೋದರೆ ಜನ. ಹಾಗಾಗಿ ಒಂದು ಗುರುವಾರ ಹೆಡ್‌ಮಾಸ್ಟರಿಗೆ ಫೋನ್ ಮಾಡಿ, ದನಿ ಕುಗ್ಗಿಸಿ, "ಸಾರ್, ವಿಪರೀತ ಜ್ವರ" ಎಂದೆ. ಅಂದು ಒಂಬತ್ತನೇ ಕ್ಲಾಸಿನವರ ಪ್ರವಾಸ ಇತ್ತು. ಆದರೆ ಅದು ಶ್ರವಣಬೆಳಗೊಳಕ್ಕೆ, ನನಗೆ ಚೆನ್ನಾಗಿ ಗೊತ್ತಿತ್ತು.

ಮದುವೆಯ ರೇಷ್ಮೆ ಸೀರೆ ಉಟ್ಟು, ಜಡೆಗೆ ಮಲ್ಲಿಗೆ ಮುಡಿದು ದೇವಸ್ಥಾನದ ಗೋಡೆಯ ಪಕ್ಕ ನಿಂತೆ. ಫೋಟೋದವರು ಮಾದಿಹಳ್ಳಿಯಲ್ಲಿ ಮದುವೆ ಫೋಟೋ ತೆಗೆಯುವವರು, ನಿಲ್ಲಿಸುವುದೂ ಹಾಗೆಯೇ. "ಮೇಡಂ, ಸೊಂಟ ಸ್ವಲ್ಪ ಆ ಕಡೆ. ಕೈ ಗಲ್ಲದ ಮೇಲೆ. ಆಕಾಶ ನೋಡಿ." ನೋಡಿದೆ. ಆಕಾಶದಿಂದ ಕಣ್ಣು ಇಳಿಸಿದರೆ ಎದುರಿಗೆ ಯೂನಿಫಾರಂ ಹಾಕಿದ ನನ್ನದೇ ಶಾಲೆಯ ಮಕ್ಕಳು ಸಾಲಾಗಿ ನಿಂತಿದ್ದಾರೆ. ಬೆಟ್ಟ ಹತ್ತಿಸುವುದು ಬೇಡ ಎಂದು ಪೋಷಕರು ಗಲಾಟೆ ಮಾಡಿ ಬೆಳಿಗ್ಗೆ ಬಸ್ಸನ್ನು ಈ ಕಡೆ ತಿರುಗಿಸಿದ್ದರಂತೆ. ಸಾಲಿನ ಮುಂದೆ ಹೆಡ್‌ಮಾಸ್ಟರು.

ಗಲ್ಲದ ಮೇಲಿಟ್ಟ ಕೈ ತೆಗೆಯುವುದೂ ಮರೆತುಹೋಯಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಒಬ್ಬ ಹುಡುಗಿ ಮೆಲ್ಲಗೆ ಕೇಳಿದಳು, "ಸಾರ್, ಮಿಸ್‌ಗೆ ಜ್ವರ ಅಂದ್ರಿ?"

ಹೆಡ್‌ಮಾಸ್ಟರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಜಾಸ್ತಿ ಆದ್ರೆ ಹಿಂಗೇ ನಿಲ್ತಾರೆ ಕಣಮ್ಮ. ನಡೀರಿ, ನಡೀರಿ."

ಬೇಲೂರಿನ ಉಪದೇಶ

ರೆಕ್ಕೆಯ ಯಾಳಿಗಳ ಲೇಖಕರು ಬೇಲೂರಿನಲ್ಲಿ ಬ್ಯಾಂಕ್ ಉದ್ಯೋಗಿ, ಬಹಳ ವಿನಯದ ಮನುಷ್ಯ. ಅಲ್ಲಿಯ ಓದುಗರ ಬಳಗದವರು 'ಬರಲಿರುವ ಕಾದಂಬರಿಗಳು' ಎಂದು ಸಣ್ಣ ಸಭೆ ಮಾಡಿ ನಮ್ಮಿಬ್ಬರನ್ನೂ ಕರೆದರು. ಅವರು ತಮ್ಮ ಪುಸ್ತಕದ ಬಗ್ಗೆ ನಾಲ್ಕು ಮಾತಾಡಿ ಕೂತರು. ನಾನು ಮೈಕ್ ಹಿಡಿದವಳು ಬಿಡಲಿಲ್ಲ.

"ಕಲ್ಪನೆ ಸುಲಭ. ಯಾಳಿಗೆ ರೆಕ್ಕೆ ಹಚ್ಚಿದರೆ ಕೇಳುವವರಿಲ್ಲ. ಚರಿತ್ರೆ ಹಾಗಲ್ಲ. ಒಂದು ವಿವರ ತಪ್ಪಿದರೆ ಇಡೀ ಕಾದಂಬರಿ ಕುಸಿಯುತ್ತದೆ. ನನ್ನ ನಾಯಕಿ ಉಡುವ ಬಟ್ಟೆ, ಉಣ್ಣುವ ಅನ್ನ, ಎಲ್ಲಕ್ಕೂ ನಾನು ಜವಾಬ್ದಾರಳು" ಎಂದೆ. ಆ ಮನುಷ್ಯ ತಲೆಯಾಡಿಸುತ್ತಾ ಕೇಳಿದರು, ಟಿಪ್ಪಣಿ ಕೂಡ ಮಾಡಿಕೊಂಡರು. ಕೊನೆಯಲ್ಲಿ ಚಹಾ ಕೊಡುತ್ತಾ, "ನಿಮ್ಮಷ್ಟು ಕಷ್ಟ ನನಗೆ ಆಗಲ್ಲ ಮೇಡಂ, ಅದಕ್ಕೇ ರೆಕ್ಕೆ ಹಚ್ಚಿಬಿಟ್ಟೆ" ಎಂದರು.

ನಾನು ದೊಡ್ಡ ಮನಸ್ಸು ಮಾಡಿದವಳಂತೆ, "ಪರವಾಗಿಲ್ಲ ಬಿಡಿ, ಅಂಥವರೂ ಬೇಕು" ಎಂದೆ. ಈಗ ಅದನ್ನು ನೆನೆದರೆ ಕುಡಿದ ಚಹಾ ಮೇಲಕ್ಕೆ ಬರುತ್ತದೆ.

ಪೋರ್ಚುಗೀಸರು

ಕೊನೆಗೂ ಪುಸ್ತಕ ಅಚ್ಚಿಗೆ ಹೋಯಿತು. ಅರಸೀಕೆರೆಯಲ್ಲಿ ಬಿಡುಗಡೆಗೆ ದಿನ ಗೊತ್ತಾಯಿತು. ಮಾವ ಊರಿಗೆಲ್ಲ ಹೇಳಿ ಟೆಂಪೋ ಗೊತ್ತು ಮಾಡಿದರು. ಅದೇ ವಾರ ಹತ್ತನೇ ಕ್ಲಾಸಿಗೆ ಯುರೋಪಿನವರು ಬಂದ ಪಾಠ ಮಾಡುತ್ತಿದ್ದೆ. ಪಾಠದಲ್ಲಿಲ್ಲದ್ದೂ ಎರಡು ಮಾತು ಸೇರಿಸುವುದು ನನ್ನ ಚಾಳಿ.

"ಪೋರ್ಚುಗೀಸರು ಬರೋದಕ್ಕೆ ಮುಂಚೆ ನಮ್ಮ ದೇಶದಲ್ಲಿ ಮೆಣಸಿನಕಾಯಿಯೇ ಇರಲಿಲ್ಲ, ಗೊತ್ತಾ?" ಎಂದೆ.

ಗಂಡಸಿಯಿಂದ ಬರುವ ಹುಡುಗಿ ಎದ್ದು, "ಮತ್ತೆ ಖಾರಕ್ಕೆ ಏನ್ ಹಾಕ್ತಿದ್ರು ಮಿಸ್?" ಎಂದು ಕೇಳಿದಳು.

"ಕಾಳುಮೆಣಸು ಕಣಮ್ಮ. ಹೊಯ್ಸಳರ ಕಾಲದಲ್ಲೆಲ್ಲ..." ಎಂದವಳು ಅಲ್ಲಿಗೇ ನಿಂತೆ. ನನ್ನ ಕಾದಂಬರಿಯ ಮೊದಲ ಅಧ್ಯಾಯದಲ್ಲೇ ಶಿಲ್ಪಿಯ ಹೆಂಡತಿ ಹಸಿಮೆಣಸಿನಕಾಯಿ ಸುಟ್ಟು, ಉಪ್ಪು ಹಾಕಿ ಅರೆದು, ಗಂಡನಿಗೆ ಮುದ್ದೆ ಬಡಿಸುತ್ತಾಳೆ. ಆ ವಾಸನೆಗೆ ಬೀದಿಯವರೆಲ್ಲ ಸೀನುತ್ತಾರೆ. ನಮ್ಮ ಅತ್ತೆಯ ಒಲೆ ಮುಂದೆ ಕೂತು, ಕಣ್ಣು ಉರಿಸಿಕೊಂಡು ಬರೆದ ಪುಟ ಅದು. ಉಡುವ ಬಟ್ಟೆ ಹುಡುಕಿದೆ, ತೊಡುವ ಒಡವೆ ಹುಡುಕಿದೆ. ದಿನಾ ತಟ್ಟೆಯಲ್ಲಿ ಬೀಳುವುದನ್ನು ಅನುಮಾನಿಸಬೇಕು ಎಂದು ಒಮ್ಮೆಯೂ ಹೊಳೆಯಲಿಲ್ಲ. ಬೋರ್ಡಿನ ಕಡೆ ತಿರುಗಿ ಅತ್ತುಬಿಟ್ಟೆ.

ಮಾರನೆಯ ದಿನ ಶಾಲೆಯಲ್ಲೆಲ್ಲ ಸುದ್ದಿ: ಮಿಸ್‌ಗೆ ದೇಶ ಅಂದ್ರೆ ಪ್ರಾಣ, ಪೋರ್ಚುಗೀಸರ ಹೆಸರು ಎತ್ತಿದ್ರೆ ಕಣ್ಣೀರು ಹಾಕ್ತಾರೆ.

ಆ ಕಡೆಯಿಂದ ಈ ಕಡೆಗೆ

ಪ್ರಕಾಶಕರಿಗೆ ಫೋನ್ ಮಾಡಿದೆ. ಅಚ್ಚು ಮುಗಿದು ಬೈಂಡಿಂಗ್ ನಡೆಯುತ್ತಿತ್ತು.

"ಒಂದು ಕಡೆ ತಾನೆ ಮೇಡಂ? ತಿದ್ದುಪಡಿ ಚೀಟಿ ಹಾಕೋಣ" ಎಂದರು.

"ಒಂದು ಕಡೆ ಅಲ್ಲ ಸಾರ್. ಕೊನೆಯಲ್ಲಿ ದಂಡನಾಯಕ ಕತ್ತಿ ಎತ್ತಿದಾಗ ನಾಯಕಿ ಅವನ ಕಣ್ಣಿಗೆ ಎರಚೋದೇ ಮೆಣಸಿನಕಾಯಿ ಪುಡಿ."

"ಓಹೋ. ಕಾಳುಮೆಣಸಿನ ಪುಡಿ ಅಂದ್ಕೊಂಡ್ರೆ?"

"ಬರೀ ಸೀನ್ತಾನೆ ಸಾರ್."

ಆ ಕಡೆ ಹಾಳೆ ಮಗುಚುವ ಸದ್ದು ಕೇಳಿಸಿತು. ಆಮೇಲೆ, "ಯೋಚನೆ ಮಾಡಬೇಡಿ. ನಮ್ಮ ಪಟ್ಟಿ 'ಐತಿಹಾಸಿಕ ಮತ್ತು ಫ್ಯಾಂಟಸಿ' ಅಂತಲೇ ಇದೆ. ನೀವು ಆ ಕಡೆಯಿಂದ ಈ ಕಡೆಗೆ ಬಂದುಬಿಡಿ" ಎಂದರು. ಮುಖಪುಟಕ್ಕೆ ಒಂದು ಚಿನ್ನದ ಬಣ್ಣದ ಚೀಟಿ ಅಂಟಿಸುವುದು, ಅದರ ಮೇಲೆ 'ಫ್ಯಾಂಟಸಿ' ಎಂದಿರುವುದು ಎಂದು ತೀರ್ಮಾನವಾಯಿತು. ಫ್ಯಾಂಟಸಿ ಆದ್ದರಿಂದ ಅತಿಥಿಯಾಗಿ ಫ್ಯಾಂಟಸಿಯವರೇ ಇರಲಿ ಎಂದು ಬೇಲೂರಿನ ಆ ಬ್ಯಾಂಕಿನವರನ್ನು ಅವರೇ ಕರೆದುಬಿಟ್ಟರು.

ಬಿಡುಗಡೆ

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಹೆಡ್‌ಮಾಸ್ಟರು, ಹಿಂದೆ ಮಕ್ಕಳು, ಮಿಕ್ಕಿದ್ದೆಲ್ಲ ಟೆಂಪೋದಲ್ಲಿ ಬಂದ ನಮ್ಮೂರಿನವರು. ಮಾವ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟಿದ್ದರು. ಪುಸ್ತಕ ಕೈಗೆ ತೆಗೆದುಕೊಂಡು, ಚಿನ್ನದ ಚೀಟಿಯ ಮೇಲೆ ಬೆರಳಾಡಿಸಿ, "ಇದೇನಮ್ಮ?" ಎಂದು ಕೇಳಿದರು.

ನಿಜ ಹೇಳುವ ಧೈರ್ಯ ಬರಲಿಲ್ಲ. "ಅದು ಒಂಥರಾ ಬಹುಮಾನ ಇದ್ದಂಗೆ ಮಾವ" ಎಂದೆ. ಅವರು ಅದನ್ನು ಸಾಲುಸಾಲಿಗೂ ಹಿಡಿದು ತೋರಿಸುತ್ತಾ ಹೋದರು. "ನೋಡ್ರಪ್ಪ, ಎಲ್ಲಾ ಪುಸ್ತಕಕ್ಕೂ ಹಾಕಲ್ವಂತೆ ಇದು. ನಾನ್ ಹೇಳ್ಲಿಲ್ವಾ, ಒಂದಕ್ಷರ ಸುಳ್ಳಿಲ್ಲ ಅಂತ." ನಾನು ವೇದಿಕೆಯ ಮೇಲೆ ಕೂತು ನನ್ನ ಕಾಲಿನ ಉಗುರು ನೋಡುತ್ತಿದ್ದೆ.

ಅತಿಥಿಗಳು ಮಾತಿಗೆ ನಿಂತರು. ಬೇಲೂರಿನ ಸೇಡು ತೀರಿಸಿಕೊಳ್ಳುತ್ತಾರೆ ಎಂದು ಹೆದರಿದ್ದೆ. ಅವರು ಅದಕ್ಕಿಂತ ಕೆಟ್ಟದ್ದು ಮಾಡಿದರು, ಮನಸಾರೆ ಹೊಗಳಿದರು. "ನಾನು ರೆಕ್ಕೆ ಹಚ್ಚಿದ್ದೇ ದೊಡ್ಡದು ಅಂದುಕೊಂಡಿದ್ದೆ. ಮೇಡಂ ನೋಡಿ, ಪೋರ್ಚುಗೀಸರಿಗಿಂತ ಎಷ್ಟೋ ಮುಂಚೆ ಹಳೇಬೀಡಿಗೆ ಮೆಣಸಿನಕಾಯಿ ತಂದಿದ್ದಾರೆ. ಇಂಥ ಕಲ್ಪನೆ ನನ್ನ ಕೈಲಾಗಲ್ಲ." ಅಷ್ಟು ಹೇಳಿ ನನಗೆ ಕೈಮುಗಿದು ಕೂತರು.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಪಾಠ ಮಾಡಿದ್ದೇ ನಾನಲ್ಲವೇ. ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಊರಿನವರು ಮಾವನ ಕಡೆ ತಿರುಗಿದರು. ಮಾವ ಅಂಗೈಯಿಂದ ಚೀಟಿ ಮುಚ್ಚಿಕೊಂಡರು. ಆ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಎದ್ದು ಮೈಕಿನ ಮುಂದೆ ನಿಂತೆ.

"ಅದು ಕಲ್ಪನೆ ಅಲ್ಲ, ನನ್ನ ತಪ್ಪು. ಆ ಕಾಲದಲ್ಲಿ ಮೆಣಸಿನಕಾಯಿ ಇರಲಿಲ್ಲ. ನನಗೆ ಆಮೇಲೆ ಹೊಳೀತು. ಈ ಚೀಟಿ ಬಹುಮಾನ ಅಲ್ಲ, ಕಟ್ಟುಕತೆ ಅಂತ ಅದರ ಅರ್ಥ. ನಮ್ಮ ಮಾವ ನನ್ನನ್ನು ನಂಬಿ ನಿಮಗೆಲ್ಲ ಹೇಳಿದರು. ಅವರ ತಪ್ಪೇನೂ ಇಲ್ಲ" ಎಂದೆ.

ಮಾವ ಮೆಲ್ಲಗೆ ಎದ್ದರು. ಟವೆಲ್ ಹೆಗಲ ಮೇಲೆ ಸರಿ ಮಾಡಿಕೊಂಡರು.

"ಕೂತ್ಕೊಳಮ್ಮ ನೀನು" ಎಂದರು. ಆಮೇಲೆ ಊರಿನವರ ಕಡೆ ತಿರುಗಿ, "ಬೆಳಗಿಂದ ಬೈಗಿನಗಂಟ ಬಿಸಿಲಲ್ಲಿ ಕಲ್ಲು ಕೆತ್ತೋನು. ಮನೆಗೆ ಬಂದು ಮೆಣಸಿನಕಾಯಿ ಇಲ್ದೆ ಮುದ್ದೆ ನುಂಗ್ತಾನಾ? ಸಪ್ಪೆ ಉಂಡು ಅಂಥ ದೇವಸ್ಥಾನ ಎಬ್ಸಕ್ಕೆ ಆಯ್ತದಾ? ನೀವೇ ಹೇಳ್ರಪ್ಪ" ಎಂದರು.

"ಎಲ್ಲಾರ ಉಂಟಾ" ಎಂದು ಫೋಟೋ ಕೊಟ್ಟಿದ್ದ ಪಕ್ಕದ ತೋಟದವರು ಎದ್ದರು. ಹೌದು ಹೌದು ಎಂದು ಇಡೀ ಸಭೆ ಚಪ್ಪಾಳೆ ತಟ್ಟಿತು. ಅವತ್ತಿನ ಅತಿ ದೊಡ್ಡ ಚಪ್ಪಾಳೆ ಅದೇ. ಹೆಡ್‌ಮಾಸ್ಟರೂ ತಟ್ಟುತ್ತಿದ್ದರು.

ಮಾವ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ ಹೇಳಿದರು, "ಪುಸ್ತಕದಾಗೆ ಸರ್ಯಾಗೇ ಬರ್ದವ್ಳೆ. ಜನ ನೋಡಿ ಹೆದ್ರಿ, ಈಗ ಸುಳ್ಳು ಹೇಳ್ತಾವ್ಳೆ."