ರೋಬೋಟ್ ಹತ್ತುವ ಹಲಗೆ

ನಿವೃತ್ತರಾದ ಟೀಚರುಗಳನ್ನು ಊರು ನೆನಪಿಸಿಕೊಳ್ಳುವುದು ಎರಡೇ ಸಂದರ್ಭದಲ್ಲಿ: ದೀಪ ಹಚ್ಚಲು ಒಪ್ಪಿದ್ದ ದೊಡ್ಡ ಮನುಷ್ಯರು ಕೊನೆ ಗಳಿಗೆಯಲ್ಲಿ ಕೈಕೊಟ್ಟಾಗ, ಅಥವಾ ಬೇರೆ ಯಾರೂ ಒಪ್ಪದ ಕೆಲಸವೊಂದು ಉಳಿದುಬಿಟ್ಟಾಗ. ಮೊದಲನೆಯದಕ್ಕೆಂದು ನಾನು ಒಳ್ಳೆಯ ಸೀರೆಯೊಂದನ್ನು ಇಸ್ತ್ರಿ ಮಾಡಿಸಿ ಇಟ್ಟೇ ಇರುತ್ತೇನೆ. ಕರೆ ಬರುವುದು ಮಾತ್ರ ಯಾವಾಗಲೂ ಎರಡನೆಯದಕ್ಕೇ.

ಈ ಸಲ ಕರೆದವಳು ಶಹಾಪುರದ ನಮ್ಮ ಹಳೆಯ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಶಾಂತಾ. "ಮೇಡಂ, ಜಿಲ್ಲಾದ ಸಾಲಿ ಹುಡುಗ್ರೆಲ್ಲ ರೋಬೋಟ್ ಮಾಡ್ಕೊಂಡು ಕಾಂಪಿಟಿಶನ್ನಿಗಿ ಬರಾಕತ್ತಾರ್ರಿ. ಅವು ಹತ್ತಿ ಮ್ಯಾಲ ಹೋಗಾಕ ಒಂದು ರ‍್ಯಾಂಪ್ ಬೇಕ್ರಿ. ನಿಮ್ಮಷ್ಟು ಮ್ಯಾಥ್ಸ್ ಯಾರಿಗಿ ಬರ್ತದ?" ಇದು ಶುದ್ಧ ಫ್ಲ್ಯಾಟರಿ ಎಂದು ಗೊತ್ತಿತ್ತು. ಆದರೂ ಫೋನ್ ಇಡುವಷ್ಟರಲ್ಲಿ ನನ್ನ ಕೈ ಗ್ರಾಫ್ ಪೇಪರ್ ಹುಡುಕುತ್ತಿತ್ತು.

ಇಳಿಜಾರಿನ ವಿಷಯದಲ್ಲಿ ನನಗೆ ಮನೆತನದ ಹಕ್ಕೂ ಉಂಟಲ್ಲ! ನಮ್ಮ ಯಜಮಾನರು ಕಾಲುವೆಯ ಎಂಜಿನಿಯರ್. ನೀರು ಬಂದ ಹೊಸತರಲ್ಲಿ, ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗುತ್ತಿದ್ದ ದಿನಗಳಲ್ಲಿ, ಸಂಜೆ ನನ್ನನ್ನು ಕಾಲುವೆ ಏರಿಯ ಮೇಲೆ ವಾಕಿಂಗ್ ಕರೆದೊಯ್ಯುತ್ತಿದ್ದರು. ಬೇರೆ ಗಂಡಂದಿರು ಹೆಂಡತಿಯರಿಗೆ ಏನು ಹೇಳುತ್ತಿದ್ದರೋ ಕಾಣೆ. ಇವರು ಮಾತ್ರ, "ನೋಡು, ಈ ಸ್ಲೋಪ್ ಕಣ್ಣಿಗಿ ಕಾಣಂಗಿಲ್ಲ, ನೀರಿಗಷ್ಟೇ ಗೊತ್ತಾಗ್ತದ" ಎನ್ನುತ್ತಿದ್ದರು. ನಾನು ಅದನ್ನೇ ರೊಮಾನ್ಸ್ ಎಂದು ಭಾವಿಸಿದ್ದೆ. ಈಗಲೂ ಹಾಗೇ ಭಾವಿಸುತ್ತೇನೆ. ಅವರಿಲ್ಲದ ಮೇಲೆ ಇನ್ನೂ ಹೆಚ್ಚು.

ಇರಲಿ. ಒಂದು ಅಡಿ ಎತ್ತರಕ್ಕೆ ನಾಲ್ಕು ಅಡಿ ಹಲಗೆ ಎಂದು ಡ್ರಾಯಿಂಗ್ ಬರೆದು ಬಡಗಿ ಮೌನಪ್ಪನ ಕೈಗೆ ಕೊಟ್ಟೆ. ಒಂದು ಕಾಲಕ್ಕೆ ಅವನೂ ನನ್ನ ಸ್ಟೂಡೆಂಟೇ. ಮರುದಿನ ಹೋಗಿ ನೋಡುತ್ತೇನೆ, ಹಲಗೆಯ ಉದ್ದಕ್ಕೂ ಗೇಣಿಗೊಂದು ಅಡ್ಡಪಟ್ಟಿ ಬಡಿದಿದ್ದಾನೆ!

"ಏನೋ ಇದು?"

"ಜಾರಬಾರದಂತ್ರಿ. ಮಂಡಿಯೊಳಗ ಲಾರಿಗಿ ಚೀಲ ಏರಿಸೂ ಹಲಿಗಿಗಿ ಹಿಂಗೇ ಬಡೀತೀವ್ರಿ. ಒಬ್ಬ ಹಮಾಲನೂ ಇವತ್ತಿನ ತನಕ ಬಿದ್ದಿಲ್ಲ."

"ರೋಬೋಟ್ ಹಮಾಲ ಅಲ್ಲೋ! ಅದಕ್ಕ ಎರಡಿಂಚಿನ ಗಾಲಿ. ಈ ಪಟ್ಟಿ ಅದಕ್ಕ ಅಡ್ಡ ಗ್ವಾಡಿ ಆಗ್ತದ, ದಾಟಾಕ ಆಗಂಗಿಲ್ಲ."

"ಗಾಲೀನಾ? ಟಿವಿಯಾಗ ಕೈಕಾಲು ಇದ್ದವಲ್ರಿ!"

ಸಿಟ್ಟು ನೆತ್ತಿಗೇರಿತು. ಪಾಠ ಕಲಿಸಿದ ಟೀಚರ ಡ್ರಾಯಿಂಗಿಗಿಂತ ಟಿವಿ ಹೆಚ್ಚಾಯಿತೇ? ನಿಂತು ಪಟ್ಟಿಗಳನ್ನು ಕೀಳಿಸಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಹೈದರಾಬಾದಿನ ಕಾನ್ವೆಂಟಿನಲ್ಲಿ ಸಿಸ್ಟರ್ ಬರೆಸುತ್ತಿದ್ದ ಲೆಕ್ಕಗಳೆಲ್ಲ "ಎ ಸ್ಮೂತ್ ಇನ್‌ಕ್ಲೈನ್ಡ್ ಪ್ಲೇನ್" ಎಂದೇ, ಅಂದರೆ ನುಣುಪಾದ ಇಳಿಜಾರಿನಿಂದಲೇ, ಶುರುವಾಗುತ್ತಿದ್ದವು. ನಾನೂ ಸರ್ವಿಸ್ ಮುಗಿಯುವವರೆಗೆ ಹಾಗೆಯೇ ಬರೆಸಿದವಳು. ಆದ್ದರಿಂದ, ಚೆನ್ನಾಗಿ ಉಜ್ಜಿ ಪಾಲಿಶ್ ಹಾಕು ಎಂದೆ. ಎರಡು ಕೋಟು ಹಾಕಿಸಿದೆ.

"ಟೀಚರ್, ಕನ್ನಡಿ ಹಂಗ ಮಾರಿ ಕಾಣಾಕತ್ತದ್ರಿ. ಇಷ್ಟು ನುಣ್ಣಗ ಬ್ಯಾಡ್ರಿ."

"ನಿನಗ ಮಂಡಿ ಲೆಕ್ಕ ಅಷ್ಟೇ ಗೊತ್ತು. ಸುಮ್ಮನಿರು."

ಸ್ಪರ್ಧೆಯ ದಿನ ಮೊದಲ ಸರದಿ ಕೊಂಕಲ್ ಹಳ್ಳಿಯ ಮೂವರು ಹುಡುಗಿಯರದು. ಪ್ಲೈವುಡ್ ಚೂರಿನ ಮೇಲೆ ನಾಲ್ಕು ಗಾಲಿ, ಎರಡು ಮೋಟಾರು. ಬಸ್ಸಿನ ಗದ್ದಲದಲ್ಲಿ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದರಂತೆ. ಗಾಡಿ ಗುರ್ ಎಂದು ಅರ್ಧ ಹತ್ತಿತು, ನಿಂತಲ್ಲೇ ಗಾಲಿ ತಿರುಗಿಸಿತು, ಸುಯ್ಯನೆ ಹಿಂದೆ ಜಾರಿತು. ಎರಡನೇ ಸಲವೂ ಅದೇ. ಇದ್ದದ್ದೇ ಎರಡು ಚಾನ್ಸ್. ಅವರ ಲೀಡರ್ ಸಿದ್ದಮ್ಮ ಕೂತಲ್ಲೇ ವೇಲಿನಿಂದ ಗಾಲಿಗಳನ್ನು ಒರೆಸತೊಡಗಿದಳು. ನಾನು ಏನು ಮಾಡಿದೆ ಗೊತ್ತೇ? ಪಕ್ಕದಲ್ಲಿದ್ದ ಶಾಂತಾಳಿಗೆ, "ಬ್ಯಾಟರಿ ವೀಕ್ ಇರಬೇಕು" ಎಂದೆ. ಶೇಮ್ ಆನ್ ಮಿ.

ಯಾದಗಿರಿಯಿಂದ ಬಂದಿದ್ದ ಜಡ್ಜ್ ಪೆನ್ನು ಎತ್ತಿದವರು ನನ್ನ ಕಡೆ ತಿರುಗಿದರು. "ರ‍್ಯಾಂಪಿಂದೇ ದೋಷ ಇದ್ರ ಇನ್ನೊಂದು ಚಾನ್ಸ್ ಕೊಡಬಹುದ್ರಿ. ಇಲ್ಲಂದ್ರ ಇವರು ಔಟ್. ರ‍್ಯಾಂಪ್ ಬರೋಬರಿ ಅದಲ್ರಿ, ಮೇಡಂ?"

ಇಡೀ ಹಾಲ್ ನನ್ನನ್ನೇ ನೋಡಿತು. ಅದರಲ್ಲಿ ಅರ್ಧದಷ್ಟು ತಂದೆತಾಯಂದಿರು ನನ್ನ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ನನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ ಹೇಳಿದೆ: "ದೇರ್ ಅಪಿಯರ್ಸ್ ಟು ಹ್ಯಾವ್ ಬೀನ್ ಸಮ್ ಎರರ್ ಇನ್ ದ ಸರ್ಫೇಸ್." ಯಾರು ಮಾಡಿದ ಎರರ್ ಎಂದು ಆ ವಾಕ್ಯದಲ್ಲಿ ದುರ್ಬೀನು ಹಾಕಿ ಹುಡುಕಿದರೂ ಸಿಗದು. ಸಮಾಧಾನದಿಂದ ಕೂತೆ.

ಸಿದ್ದಮ್ಮ ಎದ್ದು ನಿಂತಳು. ಕಣ್ಣಲ್ಲಿ ನೀರು. "ಟೀಚರ್, ನಮಗ ಇಂಗ್ಲಿಷ್ ತಿಳಿಯಂಗಿಲ್ರಿ. ನಾವೇನು ತಪ್ಪು ಮಾಡೀವಂತ್ರಿ?"

ಮತ್ತೆ ಏಳಬೇಕಾಯಿತು. "ಇಲ್ಲವ್ವಾ, ನಿಮ್ಮ ಗಾಡಿ ಛಲೋ ಅದ. ಹಲಿಗಿ ನುಣ್ಣಗಾಗೇದ. ಮೌನಪ್ಪ ಬ್ಯಾಡಂದಿದ್ದ, ನಾನೇ ಕೇಳಲಿಲ್ಲ. ತಪ್ಪು ನಂದು."

ಬಾಗಿಲ ಬಳಿಯಿಂದ ಮೌನಪ್ಪನ ದನಿ: "ಟೀಚರ್, ಜೋರಾಗಿ ಹೇಳ್ರಿ. ಹಿಂದಿನವರಿಗಿ ಕೇಳಿಸಲಿಲ್ಲ!"

ಹೇಳಿದೆ. ಇಷ್ಟು ವರ್ಷ ಪಾಠ ಮಾಡಿದವಳು ನಾನು, ಅಷ್ಟು ನಿಶ್ಶಬ್ದವಾದ ಕ್ಲಾಸ್ ನನಗೆ ಎಂದೂ ಸಿಕ್ಕಿರಲಿಲ್ಲ.

ಮೌನಪ್ಪ ಮಂಡಿಯಿಂದ ಒಂದು ಖಾಲಿ ಗೋಣಿಚೀಲ ತಂದು, ಹರಿದು, ಹಲಗೆಯ ಮೇಲೆ ಬಿಗಿಯಾಗಿ ಎಳೆದು ಮೊಳೆ ಹೊಡೆದ. ಕೊಂಕಲ್ಲಿನ ಗಾಡಿ ಒಂದೇ ಉಸಿರಿಗೆ ತುದಿ ಮುಟ್ಟಿತು. ಹಾಲೆಲ್ಲ ಚಪ್ಪಾಳೆ, ಸಿದ್ದಮ್ಮ ಓಡಿ ಹೋಗಿ ಮೌನಪ್ಪನಿಗೆ ಥ್ಯಾಂಕ್ಸ್ ಹೇಳಿದಳು. ಮೌನಪ್ಪನಿಗೆ! ಒಂದಕ್ಕೆ ನಾಲ್ಕು ಎಂಬ ನನ್ನ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅದನ್ನು ಆ ದಿನ ಒಬ್ಬರೂ ಕೇಳಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.